ವೋಚರ್ ಮೊದಲು, ಲೆಡ್ಜರ್ ಆಮೇಲೆ

ಎಂಬತ್ತರ ದಶಕದಲ್ಲಿ ಕರಾವಳಿಯ ಬ್ಯಾಂಕುಗಳಿಗೆ ಗುಮಾಸ್ತರಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಕಲಿಸುತ್ತಿದ್ದ ಕಟ್ಟಳೆ ಒಂದಿತ್ತು: ವೋಚರ್ ಕೈಗೆ ಬರದೆ ಲೆಡ್ಜರ್ ಮುಟ್ಟಬಾರದು. ಗಿರಾಕಿ ಎಷ್ಟೇ ಗುರುತಿನವರಿರಲಿ, ಹಿಂದೆ ಸಾಲು ಎಷ್ಟೇ ಉದ್ದವಿರಲಿ, ಮೊದಲು ಚೀಟಿ, ಅದರ ಮೇಲೆ ಸಹಿ, ಆಮೇಲೆ ಖಾತೆಯ ಪುಟದಲ್ಲಿ ಅಂಕಿ. ಆ ಕಟ್ಟಳೆಯನ್ನು ಕಲಿತವರಲ್ಲಿ ಒಬ್ಬರು ಮುಂದೆ ಬ್ಯಾಂಕಿನ ಕಂಪ್ಯೂಟರ್ ವಿಭಾಗಕ್ಕೆ ಹೋದರು, ಡೇಟಾಬೇಸ್ ನೋಡಿಕೊಳ್ಳುವ ಅಧಿಕಾರಿಯಾದರು. ಈಗ ನಿವೃತ್ತರಾಗಿ ಮಂಗಳೂರಿನಲ್ಲಿದ್ದಾರೆ. ಕ್ಯಾನ್ವಾಸ್ ಹೊದಿಸಿದ ಲೆಡ್ಜರಿನಿಂದ ಕ್ಲೌಡ್‌ವರೆಗೆ ಬಂದ ದಾರಿಯನ್ನು ಅವರು ನೆನೆಯುವಾಗ ಯಂತ್ರಗಳ ಮಾತು ಕಡಿಮೆ, ಆ ಚೀಟಿಯ ಮಾತು ಹೆಚ್ಚು.

ಆ ಕಾಲದ ಶಾಖೆಯಲ್ಲಿ ಹಣ ತೆಗೆಯುವುದೆಂದರೆ ಅರ್ಧ ಗಂಟೆಯ ಕೆಲಸ. ಚೀಟಿ ಕೊಟ್ಟವರ ಕೈಗೆ ಹಿತ್ತಾಳೆಯ ಟೋಕನ್. ಗುಮಾಸ್ತರು ಲೆಡ್ಜರ್ ತೆರೆದು, ಬಾಕಿ ನೋಡಿ, ಮೊತ್ತ ಕಳೆದು ಬರೆಯುವರು. ಅಧಿಕಾರಿ ಸಹಿಯ ಕಾರ್ಡು ತೆಗೆದು ಹೋಲಿಸಿ ಪಾಸ್ ಮಾಡುವರು. ಆಮೇಲೆ ಕ್ಯಾಶಿಯರ್ ಟೋಕನ್ ನಂಬರು ಕೂಗುವರು. ಸಂಜೆ ಬಾಗಿಲು ಮುಚ್ಚಿದ ಮೇಲೆ ನಿಜವಾದ ಕೆಲಸ ಶುರು. ದಿನದ ವೋಚರುಗಳೆಲ್ಲ ಡೇ ಬುಕ್ಕಿಗೆ ಬಂದು, ಲೆಡ್ಜರುಗಳ ಮೊತ್ತ ಜನರಲ್ ಲೆಡ್ಜರಿಗೆ ತಾಳೆಯಾಗಬೇಕು. ವ್ಯತ್ಯಾಸ ಬಂದರೆ ಹಿರಿಯ ಗುಮಾಸ್ತರು ಮೊದಲು ಅದನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಹೋದರೆ ಯಾರೋ 54ನ್ನು 45 ಎಂದು ಬರೆದಿರುವ ಸಂಭವ ಹೆಚ್ಚು. ಹುಡುಕಬೇಕಾದ ಜಾಗ ಅಷ್ಟಕ್ಕೇ ಕಿರಿದಾಗುತ್ತಿತ್ತು.

"ಎಂತ ಮಾರಾಯ್ರೆ, ಒಂಬತ್ತು ರೂಪಾಯಿ ಕೈಯಿಂದ ಹಾಕಿ ಮನೆಗೆ ಹೋಗುವ" ಎಂದು ಹೊಸಬರು ಅಂದರೆ ಹಿರಿಯರು ಒಪ್ಪುತ್ತಿರಲಿಲ್ಲ. ಆ ಒಂಬತ್ತು ರೂಪಾಯಿ ಯಾರದೋ ಖಾತೆಯಲ್ಲಿ ಕಡಿಮೆಯಾಗಿದೆ, ಅದು ಯಾರದು ಎಂದು ಗೊತ್ತಾಗುವವರೆಗೆ ದೀಪ ಆರಿಸುವಂತಿಲ್ಲ.

ಈ ನೆಲಕ್ಕೆ ಆ ಶಿಸ್ತು ಬಂದದ್ದಕ್ಕೆ ಕಾರಣವಿದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಕಿರಿದಾದ ಒಂದು ಕರಾವಳಿ ಪಟ್ಟಿಯಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿ ದೇಶಕ್ಕೆಲ್ಲ ಹರಡಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬೀಡಿ ಕಟ್ಟುವ ಹೆಂಗಸರು, ಮೀನು ಮಾರುವವರು, ಗೂಡಂಗಡಿಯವರು ಹೀಗೆ ಬ್ಯಾಂಕಿನ ಪುಸ್ತಕದೊಳಗೆ ಬಂದರು. ಮೊತ್ತ ಸಣ್ಣದು, ನಮೂದುಗಳು ಮಾತ್ರ ಅಸಂಖ್ಯ. ಒಂದೊಂದು ಎರಡಾಣೆಗೂ ಒಂದೊಂದು ಸಾಲು ಬರೆಯಬೇಕಿತ್ತು, ಕೂಡಬೇಕಿತ್ತು.

ಬ್ಯಾಂಕುಗಳಿಗೆ ಯಂತ್ರ ಬರಲು ದಾರಿ ಮಾಡಿದ್ದು ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ನೇತೃತ್ವದ ಸಮಿತಿ 1984ರಲ್ಲಿ ಕೊಟ್ಟ ವರದಿ. ಕೆಲಸ ಹೋದೀತೆಂಬ ಆತಂಕ ನೌಕರರ ಸಂಘಗಳಿಗಿತ್ತು. ಹಾಗಾಗಿ ಯಾವ ಶಾಖೆಗೆ ಎಷ್ಟು ಯಂತ್ರ ಎಂಬುದು ಸಂಘ ಮತ್ತು ಆಡಳಿತದ ಒಪ್ಪಂದಗಳಲ್ಲಿ ನಿಶ್ಚಯವಾಯಿತು. ಮೊದಲು ಬಂದದ್ದು ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್. ಶಾಖೆಯವರ ಬಾಯಲ್ಲಿ ಎ.ಎಲ್.ಪಿ.ಎಂ. ಬಾಕಿಯನ್ನು ತಾನೇ ಕೂಡಿ ಕಳೆದು ಅಚ್ಚುಹಾಕುತ್ತಿದ್ದ ಅದರ ಮುಂದೆ ನಮ್ಮ ಗುಮಾಸ್ತರು ಹೊಟ್ಟೆಕಿಚ್ಚಿಲ್ಲದೆ ಕೂತರು. ಒಂಬತ್ತರ ಭಾಗಾಕಾರ ಇನ್ನು ಬೇಕಾಗಲಿಲ್ಲ.

ಅವರು ತರಬೇತಿಗೆ ಹೋದದ್ದು ಆಮೇಲೆ. ರಿಲೇಶನಲ್ ಡೇಟಾಬೇಸ್, ಎಸ್‌ಕ್ಯುಎಲ್ ಎಂಬ ಹೆಸರುಗಳು ಕಿವಿಗೆ ಬಿದ್ದದ್ದು ಅಲ್ಲಿ. ಪಾಠದಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರ ಮಾತು ಬಂತು. ಐಬಿಎಂನ ಸ್ಯಾನ್ ಹೊಸೆ ಪ್ರಯೋಗಾಲಯದಲ್ಲಿದ್ದ ಕಾಡ್ 1970ರ ಜೂನ್‌ನಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಮಾಹಿತಿ ಯಂತ್ರದೊಳಗೆ ಎಲ್ಲಿ ಹೇಗೆ ಕೂತಿದೆ ಎಂಬ ಚಿಂತೆ ಬಳಸುವವರಿಗೆ ಬೇಡ, ಎಲ್ಲವನ್ನೂ ಸಾಲು ಮತ್ತು ಕಂಬಗಳ ಕೋಷ್ಟಕಗಳಾಗಿ ಕಂಡರೆ ಸಾಕು ಎಂದು ತೋರಿಸಿದ್ದರು. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡುವ ನಾರ್ಮಲೈಸೇಶನ್ ವಿಚಾರವೂ ಅವರದೇ.

ತರಗತಿಯಲ್ಲಿ ಅದನ್ನು ಕೇಳುತ್ತ ಕೂತ ಗುಮಾಸ್ತರಿಗೆ ತಮ್ಮ ಶಾಖೆ ಕಣ್ಣಿಗೆ ಕಟ್ಟಿತು. ಒಬ್ಬ ಗಿರಾಕಿಯ ಹೆಸರು ಖಾತೆ ತೆರೆಯುವ ಅರ್ಜಿಯಲ್ಲಿ, ಸಹಿಯ ಕಾರ್ಡಿನಲ್ಲಿ, ಲೆಡ್ಜರಿನ ತಲೆಯಲ್ಲಿ, ಪಾಸ್‌ಪುಸ್ತಕದಲ್ಲಿ, ಹೀಗೆ ನಾಲ್ಕು ಕಡೆ ಬರೆದಿರುತ್ತಿತ್ತು. ವಿಳಾಸ ಬದಲಾದರೆ ಒಂದೋ ಎರಡೋ ಕಡೆ ತಿದ್ದುಪಡಿ ಬೀಳುತ್ತಿತ್ತು, ಉಳಿದದ್ದು ಹಾಗೆಯೇ. ಶಾಖೆ ನಡೆಯುತ್ತಿದ್ದದ್ದು ಆ ಮನುಷ್ಯನನ್ನು ಎಲ್ಲರೂ ಬಲ್ಲರು ಎಂಬ ಬಲದ ಮೇಲೆ. ಕಾಡ್ ಹೇಳಿದ್ದು ಪರಿಚಯವಿಲ್ಲದವರೂ ನಂಬಬಹುದಾದ ಪುಸ್ತಕದ ಬಗ್ಗೆ.

ಇನ್ನೊಬ್ಬರ ಹೆಸರು ಅವರ ಮನಸ್ಸಿನಲ್ಲಿ ಇನ್ನೂ ಆಳವಾಗಿ ಇಳಿದಿದೆ. ಜಿಮ್ ಗ್ರೇ. ಐಬಿಎಂನಲ್ಲೂ ಆಮೇಲೆ ಟ್ಯಾಂಡೆಮ್ ಕಂಪನಿಯಲ್ಲೂ ಕೆಲಸ ಮಾಡಿದ ಗ್ರೇ, ವಹಿವಾಟು ಎಂದರೇನು ಎಂಬುದನ್ನು ಡೇಟಾಬೇಸ್ ಲೋಕಕ್ಕೆ ಖಚಿತವಾಗಿ ತಿಳಿಸಿಕೊಟ್ಟವರು. ಒಂದು ಖಾತೆಯಿಂದ ಹಣ ಹೋಗಿ ಇನ್ನೊಂದಕ್ಕೆ ಬರುವುದೆಂದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ಕರೆಂಟು ಹೋದರೂ ಅರ್ಧಕ್ಕೆ ನಿಲ್ಲುವಂತಿಲ್ಲ. ಅದನ್ನು ಸಾಧಿಸುವ ಉಪಾಯ, ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದು ಆಮೇಲಷ್ಟೇ ಮೂಲ ಪುಟವನ್ನು ಮುಟ್ಟುವುದು. ಐಐಟಿ ಮದರಾಸಿನಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನ ಈ ಲಾಗ್ ಹಿಡಿದು ಕುಸಿದ ಡೇಟಾಬೇಸನ್ನು ಮತ್ತೆ ಕಟ್ಟುವ ಕ್ರಮವನ್ನು ವಿವರವಾಗಿ ಹಾಕಿಕೊಟ್ಟಿತು. ಇಂದಿನ ಬಹುಪಾಲು ದೊಡ್ಡ ಡೇಟಾಬೇಸುಗಳ ಒಳಗೆ ಅದರ ನೆರಳಿದೆ.

ವೋಚರ್ ಮೊದಲು, ಲೆಡ್ಜರ್ ಆಮೇಲೆ. ಉಡುಪಿಯ ಶಾಖೆಯ ಕಟ್ಟಳೆಯೂ ಕ್ಯಾಲಿಫೋರ್ನಿಯಾದ ಪ್ರಯೋಗಾಲಯದ ಕಟ್ಟಳೆಯೂ ಒಂದೇ ಎಂದು ತಿಳಿದ ದಿನ ಅವರಿಗೆ ಹೊಸ ಕಸುಬು ಪರಕೀಯವೆನಿಸಲಿಲ್ಲ.

ಅದು ಕಾಕತಾಳೀಯವೂ ಆಗಿರಲಿಲ್ಲ. 1985ರ ಏಪ್ರಿಲ್ 1ರಂದು ಡೇಟಾಮೇಷನ್ ಪತ್ರಿಕೆಯಲ್ಲಿ ಗ್ರೇ ಮತ್ತು ಹಲವು ಸಂಗಡಿಗರು ಹೆಸರು ಹಾಕದೆ ಬರೆದ ಲೇಖನವೊಂದು ಬಂತು. ಯಾವ ಕಂಪನಿಯ ಡೇಟಾಬೇಸ್ ಎಷ್ಟು ವೇಗದ್ದೆಂದು ಅಳೆಯಲು ಅವರು ಆರಿಸಿಕೊಂಡ ಮಾದರಿ ಬ್ಯಾಂಕಿನ ಕೌಂಟರ್. 1,000 ಶಾಖೆ, 10,000 ಟೆಲ್ಲರುಗಳು, 1 ಕೋಟಿ ಖಾತೆಗಳಿರುವ ಕಲ್ಪಿತ ಬ್ಯಾಂಕಿನಲ್ಲಿ ಸೆಕೆಂಡಿಗೆ 100 ವಹಿವಾಟು ಮುಗಿಸಬಲ್ಲುದೇ ಎಂಬುದು ಪರೀಕ್ಷೆ. ಪ್ರತಿ ವಹಿವಾಟಿನಲ್ಲೂ ಖಾತೆಯ ಬಾಕಿ, ಟೆಲ್ಲರಿನ ಬಾಕಿ, ಶಾಖೆಯ ಬಾಕಿ ಬದಲಾಗಬೇಕು, ಚರಿತ್ರೆಯ ಪುಸ್ತಕಕ್ಕೆ ಒಂದು ಸಾಲು ಸೇರಬೇಕು. ಅದೇ ದಾರಿಯಲ್ಲಿ 1988ರಲ್ಲಿ ಟಿಪಿಸಿ ಎಂಬ ಅಳತೆಯ ಮಂಡಳಿ ಹುಟ್ಟಿ ಜಗತ್ತಿನ ಡೇಟಾಬೇಸ್ ಕಂಪನಿಗಳೆಲ್ಲ ಅದರ ಅಂಕಿಗಾಗಿ ಸ್ಪರ್ಧಿಸಿದವು. ಮಂಗಳೂರಿನ ಹಂಪನಕಟ್ಟೆಯ ಕೌಂಟರಿನಲ್ಲಿ ದಿನವೂ ನಡೆಯುತ್ತಿದ್ದ ಕೆಲಸವೇ ಒಂದು ಉದ್ಯಮದ ಅಳತೆಗೋಲಾಯಿತು.

ತೊಂಬತ್ತರ ಕೊನೆಯಲ್ಲಿ ಅವಸರ ಶುರುವಾಯಿತು. ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್ ಸರ್ಕಾರಿ ಬ್ಯಾಂಕುಗಳಿಗೆ ಗಡುವು ಕೊಟ್ಟರು: 2001ರ ಜನವರಿ 1ರ ಹೊತ್ತಿಗೆ ವ್ಯವಹಾರದ ಶೇಕಡಾ 70 ಭಾಗ ಕಂಪ್ಯೂಟರಿಗೆ ಬರಬೇಕು. ಶಾಖೆ ಶಾಖೆಗೂ ಸರ್ವರ್ ಬಂತು. ಆದರೆ ಪ್ರತಿ ಶಾಖೆಯೂ ಒಂದೊಂದು ದ್ವೀಪ. ಪುತ್ತೂರಿನ ಖಾತೆಯ ಹಣ ಪುತ್ತೂರಿನಲ್ಲೇ ತೆಗೆಯಬೇಕು, ಒಂದೇ ಖಾತೆ ನಂಬರು ನೂರು ಶಾಖೆಯಲ್ಲಿ ನೂರು ಮಂದಿಗೆ. ದ್ವೀಪಗಳನ್ನೆಲ್ಲ ಒಂದು ನೆಲವಾಗಿಸಿದ್ದು ಕೋರ್ ಬ್ಯಾಂಕಿಂಗ್. ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್, ಐ-ಫ್ಲೆಕ್ಸ್‌ನ ಫ್ಲೆಕ್ಸ್‌ಕ್ಯೂಬ್, ಟಿಸಿಎಸ್‌ನ ಬ್ಯಾಂಕ್ಸ್, ಈ ಮೂರು ಹೆಸರುಗಳು ಮುಂದಿನ ಇಪ್ಪತ್ತು ವರ್ಷ ಭಾರತದ ಬ್ಯಾಂಕುಗಳ ಬೆನ್ನೆಲುಬಾದವು.

ನಮ್ಮ ಅಧಿಕಾರಿಯ ವೃತ್ತಿಬದುಕಿನ ಅತಿ ಕಷ್ಟದ, ಅತಿ ಪ್ರೀತಿಯ ಕೆಲಸ ಆಗ ಬಂತು. ಶಾಖೆಗಳ ಡೇಟಾವನ್ನು ಕೇಂದ್ರದ ಡೇಟಾಬೇಸಿಗೆ ಸಾಗಿಸುವ ಮೈಗ್ರೇಶನ್ ಅದು. ಶನಿವಾರ ಮಧ್ಯಾಹ್ನ ಶಾಖೆ ಮುಚ್ಚಿದ ಮೇಲೆ ಶುರುವಾಗಿ ಸೋಮವಾರ ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ಮುಗಿಯಬೇಕು. ಮೊತ್ತಗಳನ್ನು ತಾಳೆ ಹಾಕುವುದು ಸುಲಭವಿತ್ತು, ಬ್ಯಾಂಕಿನವರಿಗೆ ಅದು ರಕ್ತದಲ್ಲೇ ಬಂದದ್ದು. ಕಷ್ಟವಾದದ್ದು ಮನುಷ್ಯರನ್ನು ಗುರುತು ಹಿಡಿಯುವುದು. ಕೋರ್ ಬ್ಯಾಂಕಿಂಗ್‌ನಲ್ಲಿ ಖಾತೆಗಿಂತ ಮೊದಲು ಗ್ರಾಹಕ. ಒಬ್ಬರಿಗೆ ಒಂದೇ ಕಸ್ಟಮರ್ ಐಡಿ, ಅವರ ಖಾತೆಗಳೆಲ್ಲ ಅದರಡಿ. ಹಳೆಯ ಪುಸ್ತಕಗಳಲ್ಲಿ ಇದ್ದದ್ದು ಖಾತೆ ಮಾತ್ರ.

ಕರಾವಳಿಯ ಹೆಸರುಗಳ ಮುಂದೆ ಯಾವ ಸಾಫ್ಟ್‌ವೇರ್ ಜಾಣತನವೂ ನಡೆಯಲಿಲ್ಲ. 'ಕೆ' ಎಂದರೆ ಕಾರ್ಕಳವೋ ಕುಂದಾಪುರವೋ ಮನೆತನದ ಹೆಸರೋ? ಶೆಟ್ಟಿ, ಪೂಜಾರಿ, ಭಟ್, ಡಿಸೋಜ ಎಂದು ಮುಗಿಯುವ ಸಾವಿರಾರು ಹೆಸರುಗಳು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತರು ಎರಡು 'ಎ' ಹಾಕಿದರೆ ಇನ್ನೊಬ್ಬರು ಒಂದೇ ಹಾಕಿದ್ದರು. ಹುಟ್ಟಿದ ದಿನಾಂಕದ ಕಡೆ ಖಾಲಿ ಬಿಟ್ಟಿದ್ದು ಹೆಚ್ಚು, ಇದ್ದಲ್ಲಿ ಜನವರಿ 1 ಹೆಚ್ಚು. ಮುಂಬೈಗೆ ಹೋಟೆಲು ಕೆಲಸಕ್ಕೆ ಹೋದವರ, ಗಲ್ಫ್‌ಗೆ ಹೋದವರ ವಿಳಾಸದಲ್ಲಿ ಊರಿನ ಮನೆಯೇ ಇತ್ತು, ಆ ಮನೆಯಲ್ಲಿ ಈಗ ಯಾರಿದ್ದಾರೋ. ಯಂತ್ರ ಇಬ್ಬರನ್ನು ಒಬ್ಬರೆಂದು ಜೋಡಿಸಿದರೆ ಒಬ್ಬರ ಹಣ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಒಬ್ಬರನ್ನು ಇಬ್ಬರೆಂದು ಬಿಟ್ಟರೆ ಅವರ ಸಾಲವೂ ಠೇವಣಿಯೂ ಬೇರೆ ಬೇರೆ ಜನರದಾಗುತ್ತದೆ.

ಆಗ ಅವರಿಗೆ ನೆರವಾದವರು ಹಳೆಯ ಅಟೆಂಡರುಗಳು, ಪಿಗ್ಮಿ ಏಜೆಂಟರು. "ಇವರು ಆ ಗದ್ದೆ ಮನೆಯವರು ಸಾರ್, ಇವರ ತಂಗಿಯದು ಇನ್ನೊಂದು ಖಾತೆ ಉಂಟು, ಅದು ಬೇರೆ" ಎಂದು ಪಟ್ಟಿ ಹಿಡಿದು ಹೇಳುತ್ತಿದ್ದರು. ದೊಡ್ಡ ಕಂಪನಿಗಳು ಇಂದು ಮಾಸ್ಟರ್ ಡೇಟಾ ಮ್ಯಾನೇಜ್‌ಮೆಂಟ್ ಎಂದು ಕೋಟಿಗಟ್ಟಲೆ ಕೊಟ್ಟು ಕೊಳ್ಳುವ ಕೆಲಸದ ಜೀವಾಳ ಆ ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಲ್ಲಿತ್ತು ಎಂದು ಅವರು ಗೌರವದಿಂದ ನೆನೆಯುತ್ತಾರೆ.

ಇಷ್ಟೆಲ್ಲ ಮಾಡಿದ್ದರ ಫಲ ಜನರ ಪಾಸ್‌ಪುಸ್ತಕದಲ್ಲೇ ಕಂಡಿತು. ಹಿಂದೆ ಉಳಿತಾಯ ಖಾತೆಗೆ ಬಡ್ಡಿ ಲೆಕ್ಕ ಹಾಕುತ್ತಿದ್ದದ್ದು ತಿಂಗಳ 10ನೇ ತಾರೀಖಿನಿಂದ ಕೊನೆಯವರೆಗಿನ ಕನಿಷ್ಠ ಬಾಕಿಯ ಮೇಲೆ. ಐದನೇ ತಾರೀಖು ಕಟ್ಟಿ ಇಪ್ಪತ್ತೆಂಟಕ್ಕೆ ತೆಗೆದ ಹಣಕ್ಕೆ ಒಂದು ಪೈಸೆಯೂ ಇಲ್ಲ. ಕೈಯಿಂದ ಲೆಕ್ಕ ಹಾಕುವ ಕಾಲಕ್ಕೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಶಾಖೆಗಳು ತೃಪ್ತಿಕರವಾಗಿ ಕಂಪ್ಯೂಟರೀಕರಣವಾಗಿವೆ ಎಂದು ಕಂಡ ರಿಸರ್ವ್ ಬ್ಯಾಂಕ್, 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಬಡ್ಡಿ ಕೊಡಬೇಕೆಂದು ವಿಧಿಸಿತು. ದಿನಗೂಲಿಯವರಿಗೆ, ಸಂಬಳ ಬಂದು ತಿಂಗಳ ಕೊನೆಗೆ ಖಾಲಿಯಾಗುವ ಮನೆಗಳಿಗೆ ಇದರಿಂದ ಸಿಕ್ಕಿದ್ದು ದಾನವಲ್ಲ, ಅವರದೇ ಹಣದ ಫಲ. ಡೇಟಾಬೇಸಿನಿಂದ ಬಡವರಿಗೇನು ಲಾಭ ಎಂದು ಯಾರಾದರೂ ಕೇಳಿದರೆ ನಮ್ಮ ಅಧಿಕಾರಿ ಈ ಒಂದು ದಿನಾಂಕವನ್ನು ಹೇಳುತ್ತಾರೆ.

ಗ್ರೇ ಅದನ್ನೆಲ್ಲ ಕಾಣಲು ಉಳಿದಿರಲಿಲ್ಲ. 2007ರ ಜನವರಿ 28ರಂದು ತಾಯಿಯ ಅಸ್ಥಿಯನ್ನು ಕಡಲಿಗೆ ಬಿಡಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ಯಾರಲಾನ್ ದ್ವೀಪಗಳತ್ತ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಗೆಳೆಯರು ಉಪಗ್ರಹ ಚಿತ್ರಗಳನ್ನು ತುಂಡು ತುಂಡಾಗಿ ಹಂಚಿಕೊಂಡು ಸಾವಿರಾರು ಜನರ ಕಣ್ಣಿನಿಂದ ಹುಡುಕಿಸಿದರು. ದೋಣಿ ಸಿಗಲಿಲ್ಲ. ಆ ಸುದ್ದಿ ಓದಿದ ವಾರ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲವರಾದರೂ ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ಮಾತಾಡಿಕೊಂಡರು.

ಅದೇ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸತೊಡಗಿತ್ತು. ಗೂಗಲ್ 2006ರಲ್ಲಿ ಬಿಗ್‌ಟೇಬಲ್ ಬಗ್ಗೆ, ಅಮೆಜಾನ್ 2007ರಲ್ಲಿ ಡೈನಮೋ ಬಗ್ಗೆ ಲೇಖನ ಪ್ರಕಟಿಸಿದವು. ಕೋಟ್ಯಂತರ ಜನ ಒಮ್ಮೆಗೇ ನುಗ್ಗುವ ತಾಣಕ್ಕೆ ಒಂದು ದೊಡ್ಡ ಡೇಟಾಬೇಸ್ ಸಾಲದು, ಸಾವಿರಾರು ಸಾಮಾನ್ಯ ಯಂತ್ರಗಳಲ್ಲಿ ಹಂಚಿಡಬೇಕು, ಎಲ್ಲ ಪ್ರತಿಗಳೂ ಆ ಕ್ಷಣವೇ ಒಂದಾಗಿರಬೇಕೆಂಬ ಹಟ ಬಿಡಬೇಕು ಎಂಬ ವಾದ ಬಲವಾಯಿತು. ನೋಎಸ್‌ಕ್ಯುಎಲ್ ಎಂಬ ಹೆಸರು ಎಲ್ಲರ ಬಾಯಲ್ಲಿ. ಖರೀದಿ ಬುಟ್ಟಿಯಲ್ಲಿ ಒಂದು ಪುಸ್ತಕ ಒಂದು ಸೆಕೆಂಡು ತಡವಾಗಿ ಕಂಡರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಆ ವಾದ ಅಲ್ಲಿ ಸರಿಯಾಗಿಯೇ ಇತ್ತು. ಬೆಂಗಳೂರಿನ ಸಭೆಗಳಲ್ಲಿ ಯುವ ಎಂಜಿನಿಯರುಗಳು ರಿಲೇಶನಲ್ ಕಾಲ ಮುಗಿಯಿತೆನ್ನುವಾಗ ಹಿರಿಯರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಖಾತೆಯ ಬಾಕಿ ಎರಡು ಯಂತ್ರದಲ್ಲಿ ಎರಡು ರೀತಿ ಕಂಡರೆ ಯಾವುದನ್ನು ನಂಬಿ ಹಣ ಕೊಡಲಿ?

ಉತ್ತರ ಬರಲು ಬಹಳ ವರ್ಷ ಬೇಕಾಗಲಿಲ್ಲ. 2012ರಲ್ಲಿ ಗೂಗಲ್ ತನ್ನ ಸ್ಪ್ಯಾನರ್ ಬಗ್ಗೆ ಬರೆಯಿತು. ಖಂಡಾಂತರ ಹರಡಿದ ಡೇಟಾಬೇಸಿನಲ್ಲಿ ವಹಿವಾಟಿನ ಕಟ್ಟುನಿಟ್ಟನ್ನು ಮರಳಿ ತರಲು ಡೇಟಾ ಕೇಂದ್ರಗಳಲ್ಲಿ ಪರಮಾಣು ಗಡಿಯಾರ, ಜಿಪಿಎಸ್ ಎರಡನ್ನೂ ಇಟ್ಟಿದ್ದರು. 2018ರಲ್ಲಿ ಮಾಂಗೋಡಿಬಿಯೂ ಅಮೆಜಾನಿನ ಡೈನಮೋಡಿಬಿಯೂ ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ ವಹಿವಾಟಿಗೆ ಅವಕಾಶ ಮಾಡಿಕೊಟ್ಟವು. ಇತ್ತ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬತ್ತರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಪೋಸ್ಟ್‌ಗ್ರೆಸ್, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪೋಸ್ಟ್‌ಗ್ರೆಸ್‌ಕ್ಯುಎಲ್ ಆಗಿ ಬೆಳೆದು, ದುಬಾರಿ ಲೈಸೆನ್ಸುಗಳಿಂದ ಬೇಸತ್ತ ಕಂಪನಿಗಳ ಮೊದಲ ಆಯ್ಕೆಗಳಲ್ಲೊಂದಾಗಿದೆ. ಕೃತಕ ಬುದ್ಧಿಮತ್ತೆಗೆ ಬೇಕಾದ ವೆಕ್ಟರ್ ಹುಡುಕಾಟವನ್ನೂ ಈಗ ಅದಕ್ಕೇ ಜೋಡಿಸುತ್ತಾರೆ.

2016ರಲ್ಲಿ ಬಂದ ಯುಪಿಐ ಎರಡಾಣೆಯ ಪಿಗ್ಮಿಯನ್ನು ನೆನಪಿಸುತ್ತದೆ ಎನ್ನುವುದು ನಮ್ಮ ಅಧಿಕಾರಿಯ ಮಾತು. ಹತ್ತು ರೂಪಾಯಿಯ ಚಹಾಕ್ಕೂ ಎರಡು ಬ್ಯಾಂಕುಗಳ ಪುಸ್ತಕದಲ್ಲಿ ತಾಳೆಯಾಗಬೇಕಾದ ನಮೂದು. 2023ರ ಆಗಸ್ಟ್ ತಿಂಗಳೊಂದರಲ್ಲೇ ಅಂಥ ವಹಿವಾಟು 1,000 ಕೋಟಿ ದಾಟಿದವು. ಅದರ ಹಿಂದೆ ಈಗಲೂ ಅದೇ ಲಾಗ್, ಅದೇ ಎರಡೂ-ಆಗಬೇಕು-ಇಲ್ಲವೇ-ಎರಡೂ-ಆಗಬಾರದು.

ಬರೆಯುವ ಶಿಸ್ತನ್ನು ಯಂತ್ರ ಹೀಗೆ ಚೆನ್ನಾಗಿ ಕಲಿಯಿತು. ಮನುಷ್ಯರ ಕೈ ತಪ್ಪಿಸಬೇಕಾದಲ್ಲಿ ತಪ್ಪಿಸಿತು ಕೂಡ: ಯಾವ ಸಾಲ ಸುಸ್ತಿಯಾಗಿದೆ ಎಂದು ವರ್ಗೀಕರಿಸುವ ಕೆಲಸ ಪೂರ್ತಿ ಸ್ವಯಂಚಾಲಿತವಾಗಬೇಕೆಂದು 2020ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿದ ಮೇಲೆ, ದೊಡ್ಡವರ ಸಾಲಕ್ಕೆ ಒಂದು ತಾರೀಖು, ಸಣ್ಣವರ ಸಾಲಕ್ಕೆ ಇನ್ನೊಂದು ತಾರೀಖು ಎಂಬುದಕ್ಕೆ ಎಡೆ ಕಡಿಮೆಯಾಯಿತು. ಆದರೆ ಗುರುತು ಹಿಡಿಯುವ ಕೆಲಸ ಇನ್ನೂ ಮುಗಿದಿಲ್ಲ.

2019ರ ಆಗಸ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬ್ಯಾಂಕುಗಳ ವಿಲೀನ ಘೋಷಿಸಿದಾಗ, ಕೂಡುವ ಬ್ಯಾಂಕುಗಳ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಒಂದೇ ಎಂಬುದನ್ನೂ ಕಾರಣವಾಗಿ ಮುಂದಿಟ್ಟರು. ಕೆನರಾ, ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್; ಯೂನಿಯನ್, ಆಂಧ್ರ, ಕಾರ್ಪೊರೇಷನ್ ಮೂರೂ ಫಿನಾಕಲ್. ನೂರು ವರ್ಷದ ಬ್ಯಾಂಕುಗಳ ಹಣೆಬರಹ ನಿಶ್ಚಯಿಸುವಾಗ ಡೇಟಾ ಯಾವ ಅಚ್ಚಿನಲ್ಲಿದೆ ಎಂಬುದೂ ಲೆಕ್ಕಕ್ಕೆ ಬಂದ ಕಾಲ ಅದು. ಅದಕ್ಕೂ ಮೊದಲೇ, 2019ರ ಏಪ್ರಿಲ್‌ನಲ್ಲಿ ವಿಜಯಾ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಫಲಕಗಳು ಇಳಿದವು. ಸಿಂಡಿಕೇಟಿನ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಡೆಯದಾದವು. ಪಿಂಚಣಿ, ಗ್ಯಾಸ್ ಸಬ್ಸಿಡಿ, ಮಕ್ಕಳು ಕಳಿಸುವ ಹಣ ಎಲ್ಲಕ್ಕೂ ಹೊಸ ಕೋಡು ಕೊಡಬೇಕಾಗಿ ಬಂದ ಅಜ್ಜ ಅಜ್ಜಿಯರಿಗೆ ಆ ತಿಂಗಳುಗಳಲ್ಲಿ ನಮ್ಮ ಅಧಿಕಾರಿ ಮನೆಯಲ್ಲೇ ಕೂತು ಅರ್ಜಿ ತುಂಬಿಸಿಕೊಟ್ಟರು.

ಈಗ ಅವರ ಹೊತ್ತು ಹೆಚ್ಚಾಗಿ ಹೋಗುವುದು ಉದ್ಗಮ್ ಪೋರ್ಟಲಿನ ಮುಂದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳು 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತವೆ. 2023ರ ಫೆಬ್ರವರಿಯ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳಿಂದಲೇ ಹೀಗೆ ಹೋದದ್ದು ಸುಮಾರು 35,000 ಕೋಟಿ ರೂಪಾಯಿ, 10 ಕೋಟಿಗೂ ಹೆಚ್ಚು ಖಾತೆಗಳದು. ವಾರಸುದಾರರು ಬ್ಯಾಂಕಿನ ಮೂಲಕ ಯಾವಾಗ ಬೇಕಾದರೂ ಅದನ್ನು ಕೇಳಿ ಪಡೆಯಬಹುದು. ಬೇರೆ ಬೇರೆ ಬ್ಯಾಂಕುಗಳಲ್ಲಿ ಒಟ್ಟಿಗೆ ಹುಡುಕಲೆಂದು 2023ರ ಆಗಸ್ಟ್ 17ರಂದು ಉದ್ಗಮ್ ತೆರೆದರು. ಖಾತೆದಾರರ ಹೆಸರು, ಜೊತೆಗೆ ಪ್ಯಾನ್, ಹುಟ್ಟಿದ ದಿನಾಂಕದಂಥ ಒಂದು ಗುರುತು ಕೊಡಬೇಕು. ಎಪ್ಪತ್ತರ ದಶಕದಲ್ಲಿ ಖಾತೆ ತೆರೆದ ಬೀಡಿ ಕಾರ್ಮಿಕ ಮಹಿಳೆಗೆ ಪ್ಯಾನ್ ಎಲ್ಲಿತ್ತು, ಹುಟ್ಟಿದ ದಿನಾಂಕ ಯಾರು ಬರೆದಿದ್ದರು?

ನೆರೆಹೊರೆಯವರು ತೀರಿಹೋದ ತಾಯಿಯ, ಮಾವನ ಹಳೆಯ ಪಾಸ್‌ಪುಸ್ತಕ ಹಿಡಿದು ಬರುತ್ತಾರೆ. ನಮ್ಮ ಅಧಿಕಾರಿ ಹೆಸರನ್ನು ಒಂದು 'ಎ' ಹಾಕಿ, ಎರಡು 'ಎ' ಹಾಕಿ, ಇನಿಶಿಯಲ್ ಹಿಂದೆ ಮುಂದೆ ಮಾಡಿ ಹುಡುಕುತ್ತಾರೆ. ಸಿಗದಿದ್ದರೆ ವಿಲೀನಕ್ಕೆ ಮೊದಲಿನ ಶಾಖೆ ಯಾವುದು, ಅದು ಈಗ ಯಾವ ಶಾಖೆಯೊಳಗಿದೆ ಎಂದು ವಿಚಾರಿಸಿ, ಹಳೆಯ ಖಾತೆ ನಂಬರು ಹಾಕಿ ಲಿಖಿತ ಅರ್ಜಿ ಬರೆದುಕೊಡುತ್ತಾರೆ. ಬ್ಯಾಂಕುಗಳು ಇನ್ನೊಂದು ಕೆಲಸ ಮಾಡಬೇಕೆಂದು ಅವರು ಹಳೆಯ ಸಹೋದ್ಯೋಗಿಗಳಿಗೆ ಹೇಳುತ್ತಲೇ ಇದ್ದಾರೆ: ಹೊಸ ಡೇಟಾಬೇಸಿಗೆ ಹೋಗುವಾಗ ಹಳೆಯ ಖಾತೆ ನಂಬರನ್ನೂ ಹಳೆಯ ಶಾಖೆಯ ಹೆಸರನ್ನೂ ಅಳಿಸದೆ ಒಂದು ಕಂಬದಲ್ಲಿ ಉಳಿಸಿಡಿ, ಕನ್ನಡದಲ್ಲಿ ಬರೆದಿದ್ದ ಹೆಸರನ್ನು ಕನ್ನಡದಲ್ಲೇ ಇನ್ನೊಂದು ಕಂಬದಲ್ಲಿ ಇಡಿ. ಡಿಸ್ಕಿನ ಬೆಲೆ ಇಳಿದಿರುವ ಈ ಕಾಲದಲ್ಲಿ ಅದಕ್ಕೆ ತಗಲುವ ಖರ್ಚು ಅತ್ಯಲ್ಪ, ಊರೂರಿನಲ್ಲಿ ತಮ್ಮವರ ಹಣ ಹುಡುಕುತ್ತಿರುವವರು ಮಾತ್ರ ಬಹಳ.